ಸೋತ ಆಟದ ಭಾಷ್ಯಕಾರ

ಚದುರಂಗ ಆಡುವವರನ್ನು ಗೆಲ್ಲುವವರು ಮತ್ತು ಸೋಲುವವರು ಎಂದು ಎರಡೇ ವರ್ಗಗಳಲ್ಲಿ ಅಡಗಿಸುವ ರೂಢಿಯಿದ್ದರೂ, ಸೋತು ಮನೆಗೆ ಬಂದ ಮೇಲೆ ಅದೇ ಆಟವನ್ನು ಮತ್ತೆ ಬೋರ್ಡಿನ ಮೇಲೆ ಹರಡಿಕೊಂಡು, ಸೋಲಿಗೆ ತನ್ನ ಆಟವೊಂದನ್ನುಳಿದು ಬೇರೆ ಯಾವ ಯಾವ ಕಾರಣಗಳಿದ್ದವು ಎಂದು ಶೋಧಿಸುವ ಮೂರನೆಯ ವರ್ಗವೊಂದು ಉಂಟು. ಈ ವರ್ಗದ ಆಟಗಾರ ಎಲ್ಲ ಊರುಗಳಲ್ಲೂ ಸಿಗುತ್ತಾನಾದರೂ, ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿರುವ ತೆರಕಣಾಂಬಿಯಂಥ ಊರಿನಲ್ಲಿ ಆತನ ಲಕ್ಷಣಗಳು ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ. ಏಕೆಂದರೆ ಅಲ್ಲಿ ಆತನಿಗೆ ಸಮನಾದ ಎದುರಾಳಿಗಳು ಕಡಿಮೆ, ಸಂಜೆಗಳು ದೀರ್ಘ, ಕೇಳುವ ಕಿವಿಗಳು ಮಾತ್ರ ಧಾರಾಳ. ವೃತ್ತಿಯಿಂದ ಈತ ಸಾಮಾನ್ಯವಾಗಿ ಶಾಲೆಯ ಮೇಷ್ಟ್ರು, ಸಹಕಾರ ಸಂಘದ ಗುಮಾಸ್ತ ಅಥವಾ ಬ್ಯಾಂಕಿನಿಂದ ನಿವೃತ್ತನಾದವನು. ಪ್ರವೃತ್ತಿಯಿಂದ, ಭಾನುವಾರ ಮೈಸೂರಿನ ಟೂರ್ನಿಯಲ್ಲಿ ಆಡಿ, ಉಳಿದ ಆರು ದಿನ ಆ ಭಾನುವಾರಕ್ಕೆ ಭಾಷ್ಯ ಬರೆಯುವವನು.

ಕಳೆದುಹೋದದ್ದನ್ನು ವಿಮರ್ಶಿಸುವ ಹವ್ಯಾಸ ಈ ಊರಿಗೆ ಹೊಸದಲ್ಲ. ಕ್ರಿಕೆಟ್ ಪಂದ್ಯ ಮುಗಿದಾಗ, ಪಂಚಾಯಿತಿ ಚುನಾವಣೆಯ ಫಲಿತಾಂಶ ಬಂದಾಗ, ತರಕಾರಿ ಮಾರುಕಟ್ಟೆಯಲ್ಲಿ ಟೊಮೆಟೊ ದರ ಬಿದ್ದಾಗ, ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತವರೆಲ್ಲರೂ ವಿಶ್ಲೇಷಕರೇ ಆಗುತ್ತಾರೆ. ಆದರೆ ಈ ವಿಮರ್ಶೆಗಳಿಗೆಲ್ಲ ಒಂದು ಸಾಮಾನ್ಯ ಸೌಕರ್ಯವಿದೆ: ಯಾರು ಯಾವಾಗ ಏನು ಹೇಳಿದರು, ಏನು ಮಾಡಿದರು ಎಂಬುದಕ್ಕೆ ಬರಹದ ದಾಖಲೆ ಇರುವುದಿಲ್ಲವಾದ್ದರಿಂದ, ನಡೆದದ್ದನ್ನೇ ಬೇಕಾದಂತೆ ತಿದ್ದಿಕೊಳ್ಳಬಹುದು. ಚದುರಂಗದವನಿಗೆ ಆ ಸೌಕರ್ಯವಿಲ್ಲ. ದೀರ್ಘಾವಧಿಯ ಆಟದಲ್ಲಿ ಪ್ರತಿಯೊಂದು ನಡೆಯನ್ನೂ ಸ್ಕೋರ್‌ಶೀಟ್ ಎಂಬ ಹಾಳೆಯಲ್ಲಿ ಬರೆಯಬೇಕೆಂಬುದು ನಿಯಮ. ಅಡ್ಡಲಾಗಿ ಎ ಯಿಂದ ಎಚ್ ವರೆಗಿನ ಅಕ್ಷರಗಳೂ ಉದ್ದಕ್ಕೆ 1ರಿಂದ 8ರವರೆಗಿನ ಅಂಕಿಗಳೂ ಸೇರಿ 64 ಮನೆಗಳಿಗೆ ಒಂದೊಂದು ವಿಳಾಸ ಕೊಡುವುದರಿಂದ, ಯಾವ ಕಾಯಿ ಎಲ್ಲಿಗೆ ಹೋಯಿತೆಂಬುದರಲ್ಲಿ ಸಂದೇಹಕ್ಕೆ ಎಡೆಯೇ ಇರುವುದಿಲ್ಲ. ಆಟ ಮುಗಿದೊಡನೆ ಇಬ್ಬರೂ ಫಲಿತಾಂಶ ಬರೆದು ಸಹಿ ಹಾಕುತ್ತಾರೆ. ಮೇಲಿನ ಹಾಳೆ ಪಂದ್ಯದ ತೀರ್ಪುಗಾರನಾದ ಆರ್ಬಿಟರನ ಕೈಸೇರುತ್ತದೆ, ಕಾರ್ಬನ್ ಪ್ರತಿ ಆಟಗಾರನ ಜೇಬಿಗೆ ಬರುತ್ತದೆ. ಹೀಗಾಗಿ ಈತನ ಸೋಲು ಸ್ವಹಸ್ತಾಕ್ಷರದಲ್ಲಿ, ಸಹಿಸಮೇತ, ಎರಡು ಪ್ರತಿಗಳಲ್ಲಿ ಇರುತ್ತದೆ. ಮೂಲವನ್ನು ತಿದ್ದಲಾಗದ ಎಲ್ಲ ಪಂಡಿತರೂ ಮಾಡುವುದನ್ನೇ ಈತನೂ ಮಾಡುತ್ತಾನೆ: ಮೂಲವನ್ನು ಹಾಗೆಯೇ ಉಳಿಸಿಕೊಂಡು, ಭಾಷ್ಯದಲ್ಲಿ ಅದರ ಅರ್ಥವನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಾನೆ.

ಭಾಷ್ಯದ ಪೀಠಿಕೆ ಬಸ್ಸಿನಲ್ಲಿಯೇ ಆರಂಭವಾಗುತ್ತದೆ. ಮೈಸೂರಿನಿಂದ ಹೊರಟ ಕೆಂಪು ಬಸ್ಸು ನಂಜನಗೂಡು ಮುಟ್ಟುವಷ್ಟರಲ್ಲಿ ಸೋಲಿಗೆ ಅಲುಗಾಡುತ್ತಿದ್ದ ಮೇಜು ಕಾರಣವಾಗಿರುತ್ತದೆ. ಬೇಗೂರು ಬರುವಾಗ್ಗೆ ಮೇಜಿನ ಜೊತೆಗೆ ತಲೆಯ ಮೇಲೆ ಕಿರುಗುಟ್ಟುತ್ತಿದ್ದ ಫ್ಯಾನೂ, ಬಾಗಿಲಲ್ಲಿ ನಿಂತು ಮಗನಿಗೆ ಬಾಳೆಹಣ್ಣು ತೋರಿಸುತ್ತಿದ್ದ ಎದುರಾಳಿಯ ತಾಯಿಯೂ ಸೇರಿಕೊಳ್ಳುತ್ತಾರೆ. ಗುಂಡ್ಲುಪೇಟೆಯಲ್ಲಿ ಇಳಿದು ತೆರಕಣಾಂಬಿಯ ಬಸ್ಸಿಗೆ ಕಾಯುವಾಗ, ಬೆಳಿಗ್ಗೆ ತಿಂದ ಮಸಾಲೆದೋಸೆಯ ಪಾತ್ರವೂ ನಿಚ್ಚಳವಾಗುತ್ತದೆ. ಸಮಯ ಸಾಲಲಿಲ್ಲವೆಂಬ ಕಾರಣವನ್ನೂ ಸೇರಿಸಬೇಕೆಂದು ಆತನ ಕೈ ತುರಿಸುತ್ತದೆ; ಆದರೆ ಒಬ್ಬೊಬ್ಬರಿಗೆ 90 ನಿಮಿಷ, ಅದರ ಮೇಲೆ ಪ್ರತಿ ನಡೆಗೂ 30 ಸೆಕೆಂಡು ಕೊಡುವ ಪದ್ಧತಿಯ ಈ ಪಂದ್ಯದಲ್ಲಿ, ಆಟ ಮುಗಿದಾಗ ಆತನ ಗಡಿಯಾರದಲ್ಲಿ ಎಂಬತ್ತಕ್ಕೂ ಹೆಚ್ಚು ನಿಮಿಷ ಉಳಿದಿತ್ತೆಂಬ ಸಂಗತಿ ಆ ದಾರಿಗೆ ಅಡ್ಡ ನಿಲ್ಲುತ್ತದೆ. ಆಟ ಮುಗಿದದ್ದು ಏಳನೆಯ ನಡೆಗೆ.

ಇಂಥ ಆಟವೊಂದನ್ನು ಹತ್ತಿರದಿಂದ ನೋಡದೆ ಭಾಷ್ಯದ ಸೊಗಸು ತಿಳಿಯದು. ಬಿಳಿಯ ಕಾಯಿಗಳು ಈತನವು. ಕಪ್ಪು, ಕುರ್ಚಿಯ ಮೇಲೆ ಮಂಡಿಯೂರಿ ಕುಳಿತ ಒಂಬತ್ತು ವರ್ಷದ ಹುಡುಗನವು. ಎರಡೂ ಕಡೆಯ ರಾಜನ ಮುಂದಿನ ಕಾಲಾಳುಗಳು ಎರಡೆರಡು ಮನೆ ಮುನ್ನಡೆದವು, ಕುದುರೆಗಳು ಹೊರಬಂದವು, ಈತನ ಒಂಟೆ ಸಿ4ಕ್ಕೆ ಬಂದು ಹುಡುಗನ ರಾಜನ ಬಳಿಯ ಎಫ್7 ಎಂಬ ದುರ್ಬಲ ಮನೆಯತ್ತ ದೃಷ್ಟಿ ನೆಟ್ಟಿತು. ಆಗ ಹುಡುಗ ಸಿ6ರಲ್ಲಿದ್ದ ಕುದುರೆಯನ್ನು ಎತ್ತಿ ಡಿ4ರಲ್ಲಿಟ್ಟ. ಅದರಿಂದ ಇ5ರಲ್ಲಿದ್ದ ಅವನ ಕಾಲಾಳಿಗೆ ಕಾವಲು ತಪ್ಪಿತು. ಆ ಕುದುರೆಯನ್ನು ತನ್ನ ಕುದುರೆಯಿಂದ ಹೊಡೆದು ನೆಮ್ಮದಿಯಾಗಿ ಮುಂದುವರಿಯುವ ದಾರಿ ಬಿಳಿಯ ಮುಂದಿತ್ತು. ಈತ ಕಾಲಾಳನ್ನೇ ಹೊಡೆದ. ಹುಡುಗನ ಮಂತ್ರಿ ಜಿ5ಕ್ಕೆ ಬಂದು ಈ ಕುದುರೆಯನ್ನೂ ಜಿ2ರ ಕಾಲಾಳನ್ನೂ ಒಟ್ಟಿಗೆ ಬೆದರಿಸಿತು. ಈತನ ಕುದುರೆ ಎಫ್7ಕ್ಕೆ ಹಾರಿ ಇನ್ನೊಂದು ಕಾಲಾಳನ್ನು ನುಂಗಿ, ಮಂತ್ರಿ ಮತ್ತು ಆನೆ ಎರಡನ್ನೂ ಏಕಕಾಲದಲ್ಲಿ ಹಿಡಿಯಿತು. ಒಂದೇ ಕಾಯಿ ಎರಡನ್ನು ಹೀಗೆ ಹಿಡಿಯುವುದಕ್ಕೆ ಆಟಗಾರರು ಫೋರ್ಕ್ ಎನ್ನುತ್ತಾರೆ, ಮತ್ತು ಫೋರ್ಕ್ ಹಾಕಿದವನ ಮುಖದಲ್ಲಿ ಒಂದು ಮುಗುಳ್ನಗೆ ತಾನಾಗಿ ಮೂಡುತ್ತದೆ. ಮಂತ್ರಿ ಜಿ2ನ್ನು ಹೊಡೆಯಿತು, ಈತನ ಆನೆ ಎಫ್1ಕ್ಕೆ ಸರಿಯಿತು, ಮಂತ್ರಿ ಇ4ನ್ನು ಹೊಡೆದು ಶಹ ಕೊಟ್ಟಿತು, ಈತ ಒಂಟೆಯನ್ನು ಇ2ರಲ್ಲಿ ಅಡ್ಡವಿಟ್ಟ. ಡಿ4ರಲ್ಲಿ ಅಷ್ಟು ಹೊತ್ತೂ ಸುಮ್ಮನೆ ನಿಂತಿದ್ದ ಕುದುರೆ ಎಫ್3ಕ್ಕೆ ಹಾರಿತು. ಅದು ಮೇಟ್, ಎಂದರೆ ರಾಜನಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲದ ಶಹ. ಇ1ರಲ್ಲಿದ್ದ ರಾಜನ ಸುತ್ತ ಇದ್ದದ್ದು ಐದು ಮನೆಗಳು. ಐದರಲ್ಲೂ ಮಂತ್ರಿ, ಒಂಟೆ, ಆನೆ ಮತ್ತು ಇಬ್ಬರು ಕಾಲಾಳುಗಳು, ಎಲ್ಲರೂ ಸ್ವಂತದವರೇ, ಜಾಗ ಬಿಡದೆ ನಿಂತಿದ್ದರು. ಕುದುರೆಯನ್ನು ಹೊಡೆಯಬಹುದಾಗಿದ್ದ ಒಂಟೆ ಕದಲಿದರೆ ಮಂತ್ರಿಯ ಶಹ ತೆರೆದುಕೊಳ್ಳುವುದರಿಂದ ಅದೂ ಕಟ್ಟುಬಿದ್ದಿತ್ತು.

ಭಾಷ್ಯಕಾರನ ಕೈಚಳಕ ವ್ಯಕ್ತವಾಗುವುದು ಚಿಹ್ನೆಗಳಲ್ಲಿ. ನಡೆಗಳ ಗುಣವನ್ನು ಸೂಚಿಸಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಚಿಹ್ನೆಗಳ ಪ್ರಕಾರ, ಆಶ್ಚರ್ಯಸೂಚಕವು ಒಳ್ಳೆಯ ನಡೆಗೂ, ಪ್ರಶ್ನಾರ್ಥಕವು ತಪ್ಪಿಗೂ, ಎರಡು ಪ್ರಶ್ನಾರ್ಥಕಗಳು ಘೋರ ಪ್ರಮಾದಕ್ಕೂ ಸಲ್ಲುತ್ತವೆ. ಇವೆರಡರ ನಡುವೆ, ಆಶ್ಚರ್ಯಸೂಚಕದ ಬೆನ್ನಿಗೆ ಪ್ರಶ್ನಾರ್ಥಕವಿದ್ದರೆ ಅದು ಗಮನಾರ್ಹ ಪ್ರಯೋಗವೆಂದು ಅರ್ಥ. ಈ ಕೊನೆಯ ಚಿಹ್ನೆ ಇಲ್ಲದಿದ್ದರೆ ಕ್ಲಬ್ ಆಟಗಾರರು ವಿಶ್ಲೇಷಣೆಯನ್ನೇ ಬಿಟ್ಟುಬಿಡುತ್ತಿದ್ದರೋ ಏನೋ. ಕಾಲಾಳನ್ನು ಹೊಡೆದ ನಾಲ್ಕನೆಯ ನಡೆಗೆ ಈತ ಅದನ್ನೇ ಕೊಡುತ್ತಾನೆ. ಫೋರ್ಕಿಗೆ ಎರಡು ಆಶ್ಚರ್ಯಸೂಚಕಗಳು ಸಲ್ಲುತ್ತವೆ. ಹುಡುಗನ ಡಿ4ಕ್ಕೆ ಪ್ರಶ್ನಾರ್ಥಕ ಬೀಳುತ್ತದೆ, ಏಕೆಂದರೆ ಒಂದೇ ಕುದುರೆಯನ್ನು ಆರಂಭದಲ್ಲಿ ಎರಡು ಸಲ ನಡೆಸಬಾರದೆಂದು ಎಲ್ಲ ಪಠ್ಯಗಳೂ ಹೇಳುತ್ತವೆ. ಮೇಟ್ ಕೊಟ್ಟದ್ದು ಅದೇ ಕುದುರೆಯ ಮೂರನೆಯ ನೆಗೆತವಾದ್ದರಿಂದ, ತತ್ತ್ವದ ದೃಷ್ಟಿಯಿಂದ ಅದು ಇನ್ನೂ ಕೆಟ್ಟದ್ದೆಂದು ಒಂದು ಟಿಪ್ಪಣಿಯೂ ಇರುತ್ತದೆ. ಕೊನೆಯ ಸ್ಥಿತಿಯಲ್ಲಿ ಎರಡೂ ಕಡೆ ಎರಡೆರಡು ಕಾಲಾಳುಗಳು ಮಾತ್ರ ಹೋಗಿದ್ದವಾದ್ದರಿಂದ "ಬಲಾಬಲ ಸಮ" ಎಂದೂ, ಇನ್ನೊಂದು ನಡೆ ದೊರೆತಿದ್ದರೆ ಕಪ್ಪು ಆನೆ ಕೈಗೆ ಬರುತ್ತಿತ್ತಾದ್ದರಿಂದ "ಬಿಳಿಯದು ಮೇಲುಗೈ" ಎಂದೂ ಆತ ಬರೆಯುತ್ತಾನೆ. ಈ ಎರಡು ವಾಕ್ಯಗಳಲ್ಲಿ ಒಂದಕ್ಷರವೂ ಸುಳ್ಳಲ್ಲ.

ಭಾಷ್ಯಕ್ಕೆ ಗಣಿತದ ಬೆಂಬಲವೂ ಒದಗುತ್ತದೆ. ಆಟಗಾರನ ಬಲವನ್ನು ಅಂಕಿಯಲ್ಲಿ ಹೇಳುವ ರೇಟಿಂಗ್ ಪದ್ಧತಿಯನ್ನು ರೂಪಿಸಿದವನು ಹಂಗೇರಿ ಮೂಲದ ಅಮೆರಿಕನ್ ಭೌತಶಾಸ್ತ್ರಜ್ಞ ಆರ್ಪಾಡ್ ಎಲೊ. ವಿಶ್ವ ಚೆಸ್ ಸಂಸ್ಥೆಯಾದ ಫಿಡೆ ಅದನ್ನು 1970ರಲ್ಲಿ ಅಂಗೀಕರಿಸಿತು. 2024ರ ಮಾರ್ಚಿನಲ್ಲಿ ಫಿಡೆ ಕನಿಷ್ಠ ರೇಟಿಂಗನ್ನು 1000ದಿಂದ 1400ಕ್ಕೆ ಏರಿಸಿ, 2000ಕ್ಕಿಂತ ಕೆಳಗಿದ್ದವರಿಗೆಲ್ಲ ಆ ಸಂಖ್ಯೆಗೂ ತಮ್ಮ ರೇಟಿಂಗಿಗೂ ಇದ್ದ ಅಂತರದ ಶೇಕಡ 40ರಷ್ಟನ್ನು ಒಂದೇ ಸಲಕ್ಕೆ ಸೇರಿಸಿಕೊಟ್ಟಾಗ, 1480ರಲ್ಲಿದ್ದವನು ಒಂದು ರಾತ್ರಿಯಲ್ಲಿ 1688 ಆದ. ಲೆಕ್ಕದ ದೋಷ ಸರಿಪಡಿಸಲು ಮಾಡಿದ ಈ ವ್ಯವಸ್ಥೆಯನ್ನು ಈತ ತಡವಾಗಿ ಬಂದ ಮನ್ನಣೆಯೆಂದು ಸ್ವೀಕರಿಸಿರುತ್ತಾನೆ. ಹುಡುಗನ ರೇಟಿಂಗ್ 1412 ಎಂದಿಟ್ಟುಕೊಂಡರೆ, ಎಲೊ ಸೂತ್ರದಂತೆ ಇಬ್ಬರೂ ನೂರು ಆಟ ಆಡಿದಾಗ ಸುಮಾರು 83 ಅಂಕ ಈತನಿಗೆ ಬರಬೇಕು. ಹುಡುಗನ ಪಾಲಿನ 17ರಲ್ಲಿ ಒಂದು ಸ್ವಲ್ಪ ಮುಂಚಿತವಾಗಿ ಬಂದಿದೆ ಅಷ್ಟೇ, ಉಳಿದ 83 ಇನ್ನೂ ಬರಬೇಕಾಗಿದೆ ಎಂಬುದು ಈತನ ಸಮಾಧಾನ. ಅದೇ ಸೂತ್ರ ಈ ಒಂದು ಸೋಲಿಗೆ ಸುಮಾರು 17 ಅಂಕಗಳನ್ನು ಕಳೆಯುತ್ತದೆಂಬ ಭಾಗವನ್ನು ಭಾಷ್ಯ ಸ್ಪರ್ಶಿಸುವುದಿಲ್ಲ.

ಗಣಿತದ ನಂತರ ಇತಿಹಾಸ. ತಾನು ಬಿದ್ದ ಬಲೆಗೆ ಹೆಸರೇ ಇದೆಯೆಂದು ತಿಳಿದಾಗ ಈತನಿಗೆ ಮೊದಲು ಆಘಾತವೂ ಮರುಕ್ಷಣವೇ ಒಂದು ಬಗೆಯ ಹೆಮ್ಮೆಯೂ ಆಗುತ್ತದೆ. ಇಂಗ್ಲೆಂಡಿನ ಜೋಸೆಫ್ ಬ್ಲ್ಯಾಕ್‌ಬರ್ನ್ ಕಾಫಿಮನೆಗಳಲ್ಲಿ ಶಿಲಿಂಗ್ ಪಣಕ್ಕೆ ಆಡುತ್ತ ಇದರಿಂದ ಅನೇಕರನ್ನು ಬೀಳಿಸಿದನೆಂಬ ಪ್ರತೀತಿಯಿಂದ ಇದಕ್ಕೆ ಬ್ಲ್ಯಾಕ್‌ಬರ್ನ್ ಶಿಲಿಂಗ್ ಗ್ಯಾಂಬಿಟ್ ಎಂಬ ಹೆಸರು ಬಂದಿದೆ. ಗ್ಯಾಂಬಿಟ್ ಎಂದರೆ ಮುಂದಿನ ಲಾಭಕ್ಕಾಗಿ ಆರಂಭದಲ್ಲೇ ಕಾಯಿಯೊಂದನ್ನು ಬಿಟ್ಟುಕೊಡುವುದು. ಆತ ಆಡಿದ ಅಂಥ ಆಟ ಒಂದೂ ದೊರೆತಿಲ್ಲವಾದರೂ, 1912ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಬೋರಿಸ್ ಕೋಸ್ತಿಚ್ ಇದೇ ಮೇಟ್ ಕೊಟ್ಟು ಗೆದ್ದ ಆಟ ದಾಖಲೆಯಲ್ಲಿದೆ. ತನ್ನ ಸೋಲಿಗೂ ಯುರೋಪಿನಲ್ಲಿ ಪೂರ್ವಪರಂಪರೆಯಿದೆಯೆಂಬುದು ಸಣ್ಣ ಗೌರವವಲ್ಲ. ಸ್ಥಳೀಯ ಪರಂಪರೆಯನ್ನೂ ಈತ ಬಿಡುವುದಿಲ್ಲ: ಅರಿಕುಠಾರವೆಂದಿದ್ದ ಊರಿಗೆ ತಂದೆಯ ನೆನಪಿನಲ್ಲಿ ಚಾಮರಾಜನಗರವೆಂದು ಹೆಸರಿಟ್ಟ ಮುಮ್ಮಡಿ ಕೃಷ್ಣರಾಜ ಒಡೆಯರು, ಕುದುರೆಯೊಂದು 64 ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಿ ಬರುವ ತುರಗಗತಿಯ ಬಂಧಗಳನ್ನು ರಚಿಸಿದವರಾದ್ದರಿಂದ, ಈ ಸೀಮೆಯ ನೆಲದಲ್ಲೇ ಚದುರಂಗವಿದೆಯೆಂದು ಆತ ವಾದಿಸುತ್ತಾನೆ. ದೊರೆಯ ಕುದುರೆಗೆ ಎದುರಾಳಿಯಿರಲಿಲ್ಲ, ಆದ್ದರಿಂದ ಅವರಿಗೆ ಭಾಷ್ಯದ ಅಗತ್ಯವೂ ಬೀಳಲಿಲ್ಲ ಎಂಬ ವ್ಯತ್ಯಾಸವನ್ನು ಕೇಳುವವರೇ ಊಹಿಸಿಕೊಳ್ಳಬೇಕು.

ಈ ಪಾಂಡಿತ್ಯಕ್ಕೆಲ್ಲ ಪ್ರತಿವಾದಿಯಾಗಿ ನಿಲ್ಲುವುದು ಮೊಬೈಲಿನಲ್ಲಿರುವ ಎಂಜಿನ್, ಎಂದರೆ ನಡೆಗಳನ್ನು ಎಣಿಸಿ ಸ್ಥಿತಿಯ ಬೆಲೆಯನ್ನು ಅಂಕಿಯಲ್ಲಿ ಹೇಳುವ ತಂತ್ರಾಂಶ. 1997ರಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವನನ್ನು ಮಣಿಸಲು ಐಬಿಎಂ ಸಂಸ್ಥೆಗೆ ಡೀಪ್ ಬ್ಲೂ ಎಂಬ ವಿಶೇಷ ಯಂತ್ರವೇ ಬೇಕಾಗಿತ್ತು. ಅದಕ್ಕಿಂತ ಬಲಶಾಲಿಯಾದ ಸ್ಟಾಕ್‌ಫಿಶ್ ಇಂದು ತೆರಕಣಾಂಬಿಯಲ್ಲೂ ಉಚಿತವಾಗಿ ಸಿಗುತ್ತದೆ. ಅದು ನಾಲ್ಕನೆಯ ನಡೆಯನ್ನು ತಪ್ಪೆಂದೂ, ಎರಡು ಆಶ್ಚರ್ಯಸೂಚಕ ಪಡೆದ ಫೋರ್ಕನ್ನು ಘೋರ ಪ್ರಮಾದವೆಂದೂ, ಐದರಲ್ಲಿ ಒಂಟೆಯಿಂದ ಎಫ್7ನ್ನು ಹೊಡೆದಿದ್ದರೆ ಇನ್ನೂ ಹೋರಾಡಬಹುದಿತ್ತೆಂದೂ ಒಂದು ಸೆಕೆಂಡಿನಲ್ಲಿ ಹೇಳುತ್ತದೆ. ಭಾಷ್ಯಕಾರ ಮೊದಲು ಅದಕ್ಕೆ ಯೋಚಿಸಲು ಕಾಲಾವಕಾಶ ಕೊಡುತ್ತಾನೆ. ಊಟ ಮುಗಿಯುವವರೆಗೆ ಕಾಯುತ್ತಾನೆ, ಕೊನೆಗೆ ಚಾರ್ಜರಿಗೆ ಸಿಕ್ಕಿಸಿ ರಾತ್ರಿಯಿಡೀ ಎಣಿಸಲು ಬಿಡುತ್ತಾನೆ. ಬೆಳಿಗ್ಗೆ ಮೊಬೈಲು ಕಾದು ಸುಡುತ್ತಿರುತ್ತದೆ, ತೀರ್ಪು ಹಾಗೆಯೇ ಇರುತ್ತದೆ. ಆಗ ಆತ, ಯಂತ್ರಕ್ಕೆ ಮನುಷ್ಯರ ಆಟದ ಮನಸ್ಸು ತಿಳಿಯದು ಎಂಬ ಸಾಲನ್ನು ಸೇರಿಸಿ, ಅದರ ಅಭಿಪ್ರಾಯವನ್ನು ಕೈಬಿಡುತ್ತಾನೆ.

ಉಳಿದದ್ದು ಪ್ರಕಟಣೆ. ಸೋವಿಯತ್ ವಿಶ್ವ ಚಾಂಪಿಯನ್ ಮಿಖಾಯಿಲ್ ಬೋತ್ವಿನ್ನಿಕ್, ಆಟಗಾರನು ತನ್ನ ಆಟಗಳನ್ನು ತಾನೇ ವಿಶ್ಲೇಷಿಸಿ ಪ್ರಕಟಿಸಬೇಕು, ಆಗ ಇತರರ ಟೀಕೆಯಿಂದ ದೋಷಗಳು ಹೊರಬೀಳುತ್ತವೆ ಎಂದು ಬೋಧಿಸಿದ್ದ. ಈತನ ಪ್ರಕಟಣೆ ತರಕಾರಿ ಮಾರುಕಟ್ಟೆಯ ಬಳಿಯ ಟೀ ಅಂಗಡಿಯಲ್ಲಿ, ಪುಟ್ಟ ಅಯಸ್ಕಾಂತದ ಬೋರ್ಡಿನ ಮೇಲೆ ನಡೆಯುತ್ತದೆ. ಕೇಳುಗರಲ್ಲಿ ಒಬ್ಬ ಬಾಳೆಕಾಯಿ ವ್ಯಾಪಾರಿ. ಚದುರಂಗದಲ್ಲಿ ಆನೆ ಯಾವುದು, ಒಂಟೆ ಯಾವುದು ಎಂದು ತಿಳಿಯದವನಾದರೂ, ಗೊನೆ ನೋಡಿದೊಡನೆ ತೂಕ ಹೇಳಬಲ್ಲವನು. ಭಾಷ್ಯ ನಾಲ್ಕನೆಯ ನಡೆಗೆ ಬಂದು, ಹುಡುಗ ಕಾವಲು ತೆಗೆದದ್ದೂ ತಾನು ಕಾಲಾಳನ್ನು ಹೊಡೆದದ್ದೂ ವಿವರಣೆಯಾಗುತ್ತಿರುವಾಗ ಅವನು ಲೋಟ ಕೆಳಗಿಟ್ಟು ಕೇಳುತ್ತಾನೆ: "ಅಲ್ಲಾ ಮೇಷ್ಟ್ರೇ, ಪುಕ್ಕಟ್ಟೆ ಕೊಡ್ತಾವ್ನೆ ಅಂದ್ರೆ, ಯಾಕ್ ಕೊಡ್ತಾವ್ನೆ ಅಂತ ಒಂದ್ ಮಾತು ಕೇಳ್ಬ್ಯಾಡ್ವಾ?"

ಎದುರಾಳಿಯ ನಡೆಯ ಉದ್ದೇಶವೇನೆಂದು ಮೊದಲು ಕೇಳಿಕೊಳ್ಳಬೇಕೆಂಬುದು ಎಲ್ಲ ಚೆಸ್ ಪಠ್ಯಗಳ ಮೊದಲ ಪಾಠ. ಎಂಜಿನ್ ರಾತ್ರಿಯಿಡೀ ಕಾದು ಹೇಳಿದ್ದರ ಸಾರವೂ ಅದೇ. ಭಾಷ್ಯಕಾರನನ್ನು ನೋಡಿ ನಗುವುದು ಸುಲಭವಾದರೂ, ಆ ಬೆಂಚಿನ ಮೇಲೆ ಕುಳಿತವರಲ್ಲಿ ತನ್ನ ತಪ್ಪನ್ನು ತಾರೀಖು ಮತ್ತು ಸಹಿಯೊಂದಿಗೆ ಜೇಬಿನಲ್ಲಿಟ್ಟುಕೊಂಡು ಬಂದು, ಇಂಥ ಪ್ರಶ್ನೆ ಕೇಳಲು ಅವಕಾಶ ಕೊಟ್ಟವನು ಆತನೊಬ್ಬನೇ ಎಂಬುದನ್ನು ಒಪ್ಪಬೇಕಾಗುತ್ತದೆ. ಟೊಮೆಟೊ ಯಾವಾಗ ಮಾರಬೇಕಿತ್ತೆಂಬ ಚರ್ಚೆಗೆ ಯಾರೂ ಸ್ಕೋರ್‌ಶೀಟ್ ತಂದ ನಿದರ್ಶನವಿಲ್ಲ. ಆತ ಪ್ರಾಮಾಣಿಕನೂ ಹೌದು. ಅಂದು ರಾತ್ರಿ ಮನೆಗೆ ಹೋಗಿ ನೋಟ್‌ಬುಕ್ ತೆರೆದು, ನಾಲ್ಕನೆಯ ನಡೆಯ ಚಿಹ್ನೆಯನ್ನು ಇದ್ದಂತೆಯೇ ಉಳಿಸಿಕೊಂಡು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಅಡಿಟಿಪ್ಪಣಿ ಸೇರಿಸುತ್ತಾನೆ: "ಈ ನಡೆಯ ವಿಷಯದಲ್ಲಿ ವ್ಯಾಪಾರಿ ವಲಯದಲ್ಲಿ ಭಿನ್ನಾಭಿಪ್ರಾಯವಿದೆ."