ಯಾರ ಅಂಕ, ಯಾರ ಪಟ್ಟಿ?

(2024ರ ಏಪ್ರಿಲ್. ಬೆಂಗಳೂರಿನ ಒಂದು ಮನೆ. ಮಕ್ಕಳು ಆಟಕ್ಕೆ ಹೋಗಿದ್ದಾರೆ. ಫಲಿತಾಂಶದ ಚಿಂತೆ ಇರುವವರು ಮಾತ್ರ ಒಳಗಿದ್ದಾರೆ.)

"ರೀ, ಪುಟ್ಟನಿಗೆ ಎಫ್‌ಎ ನಾಲ್ಕರಲ್ಲೂ ಎ ಪ್ಲಸ್!"

"ಬರದೆ ಏನು? ರಾತ್ರಿ ಎರಡರವರೆಗೆ ಥರ್ಮಾಕೋಲಿನ ಗೋಲಗುಮ್ಮಟ ಅಂಟಿಸಿದ್ದು ನಾನು ತಾನೆ?"

"ಎಸ್‌ಎ ಎರಡರಲ್ಲಿ ಮಾತ್ರ ಸಿ."

"ಅದು ಅವನೇ ಬರೆದಿದ್ದು, ಬಿಡು."

"ಕೈಬರಹ ವರ್ಷವಿಡೀ ಬದಲಾಗುತ್ತಿತ್ತು ಅಂತ ಟೀಚರ್ ಷರಾ ಹಾಕಿದ್ದಾರೆ."

"ದಸರಾ ರಜೆವರೆಗೆ ನಿನ್ನದು, ಆಮೇಲೆ ನನ್ನದು. ಬದಲಾಗದೆ ಇರುತ್ತಾ?"

"ಬರೋ ವರ್ಷ ದೊಡ್ಡವಳದು ಎಸ್ಸೆಸ್ಸೆಲ್ಸಿ. 625ಕ್ಕೆ ಎಷ್ಟೋ!"

"ಹೆದರಬೇಡ ಕಣೇ. ಈಗ ಪರೀಕ್ಷೆ ಒಂದು, ಎರಡು, ಮೂರು ಅಂತ ಮೂರು ಸಲ ಬರೆಯಬಹುದಂತೆ."

"ಅಯ್ಯೋ, ಮೂರು ಸಲ ಓದೋಕೆ ನನಗೆಲ್ಲಿ ಪುರುಸೊತ್ತು? ಆಫೀಸಲ್ಲಿ ರಜೆ ಕೊಡ್ತಾರಾ?"