ಎಂಜಿನ್ ಸವಾರಿ

ಕಾಪು, ಉಚ್ಚಿಲ, ಹೆಜಮಾಡಿ ಕಡೆಯ ನಾಡದೋಣಿಗಳಲ್ಲಿ ಎಂಜಿನ್ನಿಗೂ ದೋಣಿಗೂ ಸಂಬಂಧ ನೀರಿನಲ್ಲಿರುವಷ್ಟು ಹೊತ್ತು ಮಾತ್ರ. ದಡ ಮುಟ್ಟಿತೆಂದರೆ ಎರಡು ತಿರುಪು ಸಡಿಲಿಸಿ, ಎಣ್ಣೆಯ ಪೈಪು ಕಿತ್ತು, ಎಂಜಿನ್ನನ್ನು ಹೆಗಲಿಗೇರಿಸಿ ಹೊರಟೇಬಿಡುತ್ತಾರೆ. ಮೂವತ್ತು ನಲವತ್ತು ಕಿಲೋದ ಕಬ್ಬಿಣವನ್ನು ಹೊತ್ತು, ಅಲೆಯಲ್ಲಿ ಕಾಲೂರುತ್ತ, ಬಾಯಿಯ ಬೀಡಿಯನ್ನೂ ಆರಗೊಡದೆ ಬರುವ ಗಂಡಸರನ್ನು 1901ರಿಂದ ನಿಂತಿರುವ ಕಾಪುವಿನ ದೀಪಸ್ತಂಭ ಎಷ್ಟು ನೋಡಿದೆಯೋ! ರಿಪೇರಿಗೆ ದೂರ ಹೋಗುವುದಿದ್ದರೆ ರಿಕ್ಷಾ. ಹಿಂದಿನ ಸೀಟು ಪೂರಾ ಎಂಜಿನ್ನಿಗೆ, ಮಾಲೀಕರು ಚಾಲಕನ ಪಕ್ಕ ಅರ್ಧ ಕುಂಡೆಯಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆ 61 ದಿನ ರಜೆ. ಹತ್ತು ಅಶ್ವಶಕ್ತಿಯೊಳಗಿನ ನಾಡದೋಣಿಗಳಿಗೆ ಆಗಲೇ ಸುಗ್ಗಿ. ಹಾಗಾಗಿ ಆ ಎಂಜಿನ್ನಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಅಳಿಯನಿಗೂ ಸಿಗುವುದು ಸಂಶಯ.

ಮಣಿಪಾಲದಲ್ಲಿ ಕೆಲಸಕ್ಕಿರುವ ನನ್ನ ಭಾವನಿಗೆ ಈ ಸರಳ ಪದ್ಧತಿ ಒಗ್ಗಲಿಲ್ಲ. ರಜೆಯಲ್ಲಿ ಉದ್ಯಾವರ ಹೊಳೆಯಲ್ಲಿ ಗಾಳ ಹಾಕಲೆಂದು ಸೆಕೆಂಡ್‌ಹ್ಯಾಂಡ್ ಫೈಬರ್ ದೋಣಿಯೊಂದನ್ನು, ಬಾಲಕ್ಕೆ ಎಂಜಿನ್ ಸಮೇತ, ಕೊಂಡರು. ಜೀಪಿನ ಹಿಂದೆ ಕಟ್ಟಲು ಟ್ರೇಲರ್ ಬೇರೆ. ಮಳೆಗಾಲ ಹತ್ತಿರವಾದಾಗ ಅದನ್ನೆಲ್ಲ ಕಾರ್ಕಳದ ಮೂಲಮನೆಯ ಕೊಟ್ಟಿಗೆಗೆ ಸಾಗಿಸುವುದೆಂದು ತೀರ್ಮಾನವಾಯಿತು. ಕಾಪುವಿನಿಂದ ಶಿರ್ವ, ಬೆಳ್ಮಣ್ಣು, ನಿಟ್ಟೆ ದಾಟಿ ಕಾರ್ಕಳ. ದಾರಿಯಲ್ಲಿರುವ ಹಂಪುಗಳ ಲೆಕ್ಕ ಭಾವನಿಗೆ ಆಗ ಗೊತ್ತಿರಲಿಲ್ಲ.

ಕಷ್ಟ ಇರುವುದು ಇಷ್ಟೇ. ನೀರಿನಲ್ಲಿ ಎಂಜಿನ್ನಿನ ಕಾಲು ನೆಟ್ಟಗೆ ಕೆಳಗಿಳಿದಿರುತ್ತದೆ. ರಸ್ತೆಯಲ್ಲಿ ಹಾಗೆಯೇ ಬಿಟ್ಟರೆ ಪ್ರೊಪೆಲ್ಲರ್ ಡಾಮರು ಕೆರೆಯುತ್ತದೆ. ಮೇಲಕ್ಕೆ ಬಾಗಿಸಿದಿರೋ, ಭಾರವೆಲ್ಲ ದೋಣಿಯಿಂದ ಆಚೆಗೆ ಚಾಚಿ, ಬೆರಳುದ್ದದ ಒಂದು ಕೊಕ್ಕೆಯ ಮೇಲೆ ನಿಲ್ಲುತ್ತದೆ. ದೋಣಿಯನ್ನು ಹೊಳೆಬದಿಯಲ್ಲಿ ಕಟ್ಟಿ ಇಡುವಾಗ ಆ ಕೊಕ್ಕೆ ಸಾಕು, ಪ್ರಯಾಣಕ್ಕೆ ಅದನ್ನು ನಂಬಬೇಡಿ ಎಂದು ಎಂಜಿನ್ ಕಂಪನಿಯವರ ಕೈಪಿಡಿಯೇ ಹೇಳುತ್ತದೆ. ನೆಲಕ್ಕೆ ತಾಗದಷ್ಟು ಎತ್ತರ ಸಿಕ್ಕರೆ ಎಂಜಿನ್ ನೆಟ್ಟಗೇ ಇರಲಿ. ಇಲ್ಲವಾದರೆ ಟ್ರೇಲರಿನ ಚೌಕಟ್ಟಿನಿಂದ ಎಂಜಿನ್ನಿನ ಕಾಲಿಗೆ ಒಂದು ಆಧಾರದ ಸಲಾಕೆ ಕೊಡಿ ಎಂದು ಅದರ ಉಪದೇಶ. ಕೊಡದಿದ್ದರೆ ಹಂಪಿಗೊಮ್ಮೆ ಎಂಜಿನ್ ತಲೆಯಾಡಿಸಿ, ತನ್ನನ್ನು ಹೊತ್ತ ಹಿಂಬದಿಯ ಹಲಗೆಯನ್ನು ಸೀಳುವ ಕೆಲಸಕ್ಕೆ ಕೂರುತ್ತದೆ.

ಕೈಪಿಡಿ ಓದುವವರು ನಮ್ಮ ಕುಟುಂಬದಲ್ಲಿ ಭಾವ ಒಬ್ಬರೇ. ಆದರೆ ಸಲಹೆ ಕೊಡುವವರಿಗೆ ಕರಾವಳಿಯಲ್ಲಿ ಬರವೇ? ದೋಣಿ ರಸ್ತೆಬದಿಯಲ್ಲಿ ನಿಂತದ್ದೇ ತಡ, ಒಬ್ಬರು ಹಳೆಯ ಟಯರ್ ತುರುಕಿ ಅಂದರು, ಇನ್ನೊಬ್ಬರು ತೆಂಗಿನ ಸಿಪ್ಪೆಯ ಮೂಟೆ ಅಂದರು. ಮೀನಿನ ಬುಟ್ಟಿ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದ ಹೆಂಗಸೊಬ್ಬರು ಎಲ್ಲವನ್ನೂ ಕೇಳಿ, "ಎಂಥ ಮಾರಾಯ್ರೆ, ಬಿಚ್ಚಿ ಜೀಪಿನೊಳಗೆ ಹಾಕ್ಲಿಕ್ಕೆ ಆಗುದಿಲ್ವಾ?" ಅಂದರು. ಭಾವ ಕೇಳಿಸದವರಂತೆ ಎಂಜಿನ್ನಿನ ಎಣ್ಣೆ ನೋಡಿದರು.

ಈ ಎಂಜಿನ್ನಿನ ಹುಟ್ಟಿಗೇ ಒಂದು ಅವಸರದ ಕಥೆಯುಂಟು. ನಾರ್ವೆಯಲ್ಲಿ ಹುಟ್ಟಿ ಅಮೆರಿಕ ಸೇರಿದ ಓಲೆ ಎವಿನ್‌ರೂಡ್, ತಾನು ಮೆಚ್ಚಿದ ಹುಡುಗಿಗಾಗಿ ಸರೋವರದಾಚೆಯಿಂದ ಐಸ್‌ಕ್ರೀಂ ತರಲು ಹುಟ್ಟು ಹಾಕಿದನಂತೆ. ವಾಪಸು ಬರುವಷ್ಟರಲ್ಲಿ ಅದು ಕರಗಿ ನೀರಾಗಿತ್ತಂತೆ. 1909ರಲ್ಲಿ ಅವನು ಮಾರಾಟಕ್ಕಿಳಿಸಿದ ಎಂಜಿನ್ನಿಗೆ ಒಂದೂವರೆ ಅಶ್ವಶಕ್ತಿ, ತೂಕ ಸುಮಾರು 28 ಕಿಲೋ. ನಮ್ಮ ಗಡ್‌ಬಡ್ ಐಸ್‌ಕ್ರೀಂ ತರಲು ಹೋಗಿದ್ದರೆ ಆ ಎಂಜಿನ್ ಇನ್ನೂ ಬೇಗ ಬರುತ್ತಿತ್ತು ಎಂಬುದು ಉಡುಪಿಯವನಾಗಿ ನನ್ನ ಅಭಿಪ್ರಾಯ.

ಕೊನೆಗೆ ಸಲಾಕೆ ಮಾಡಿಕೊಟ್ಟದ್ದು ವೆಲ್ಡಿಂಗ್ ಅಂಗಡಿಯೊಂದರ ಹುಡುಗ. ಭಾವ ಫೋನಿನಲ್ಲಿ ತೋರಿಸಿದ ಚಿತ್ರವನ್ನು ಅರೆನಿಮಿಷ ನೋಡಿ, ಜಿಐ ಪೈಪು ಕತ್ತರಿಸಿ, ಒಂದು ತುದಿಯನ್ನು ಟ್ರೇಲರಿಗೆ ಸಿಕ್ಕಿಸುವಂತೆ ಬಗ್ಗಿಸಿದ. ಇನ್ನೊಂದು ತುದಿಗೆ ಎರಡು ಪಟ್ಟಿಗಳನ್ನು ಕವಲಾಗಿ ಬೆಸೆದು, ಪೇಂಟು ತರಚದಂತೆ ಲಾರಿ ಟ್ಯೂಬಿನ ರಬ್ಬರು ಸುತ್ತಿ, ಬಲೆ ನೇಯುವ ನೈಲಾನ್ ದಾರದಿಂದ ಬಿಗಿದ. ಎಂಜಿನ್ನನ್ನು ಮೆಲ್ಲ ಇಳಿಸಿದಾಗ ಅದರ ಕಾಲು ಕವಲಿನಲ್ಲಿ ಕೂತದ್ದೇ ಕೂತದ್ದು. ಬೆಲ್ಟು ಬಿಗಿದು ಹೊರಟೆವು. ಬೆಳ್ಮಣ್ಣಿನವರೆಗೂ ಭಾವ ಎದುರಿನ ರಸ್ತೆಗಿಂತ ಹಿಂದಿನ ಕನ್ನಡಿಯನ್ನೇ ಹೆಚ್ಚು ನೋಡಿದ್ದು ಬಿಟ್ಟರೆ ಅಪಾಯವೇನೂ ಆಗಲಿಲ್ಲ.

ಕಾರ್ಕಳದಲ್ಲಿ ನಮ್ಮ ಸಾಹಸಕ್ಕೆ ಬೆಲೆ ಸಿಗಲಿಲ್ಲ. ಸಿಗುವುದಾದರೂ ಹೇಗೆ? 42 ಅಡಿಯ ಏಕಶಿಲಾ ಗೊಮ್ಮಟನನ್ನು ಗಾಲಿಬಂಡಿಯಲ್ಲಿ ಬೆಟ್ಟ ಹತ್ತಿಸಿ 1432ರಲ್ಲಿ ನಿಲ್ಲಿಸಿದರೆಂದು ಹೇಳಿಕೊಳ್ಳುವ ಊರು ಅದು. ಅಲ್ಲಿ ನಲವತ್ತು ಕಿಲೋದ ಸಾಗಾಟದ ವರದಿ ಒಪ್ಪಿಸಲು ಹೋಗಬಾರದು. ಭಾವನ ದೊಡ್ಡಮ್ಮ ಮಾತ್ರ ದೋಣಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸಲಾಕೆಯ ಹತ್ತಿರ ನಿಂತು, ರಬ್ಬರು ಸುತ್ತಿದ ಕವಲನ್ನು ಒತ್ತಿ ನೋಡಿದರು. "ಇದು ಬಾಳೆಗೆ ಕೊಡುವ ಕವೆಗೋಲಲ್ವಾ? ಕಬ್ಬಿಣದ್ದು ಒಳ್ಳೇದಾಯ್ತು, ಗೆದ್ದಲು ಹಿಡಿಯುದಿಲ್ಲ."

ಆಗಸ್ಟಿನಲ್ಲಿ ದೋಣಿ ತರಲು ಹೋದಾಗ ಸಲಾಕೆ ಕೊಟ್ಟಿಗೆಯಲ್ಲಿರಲಿಲ್ಲ. ತೋಟದ ಅಂಚಿನಲ್ಲಿ, ಗಾಳಿಮಳೆಗೆ ವಾಲಿದ ನೇಂದ್ರ ಬಾಳೆಯೊಂದರ ಕುತ್ತಿಗೆಯಡಿ ಭದ್ರವಾಗಿ ನಿಂತಿತ್ತು. ಭಾವ ಕೈ ಹಾಕುವ ಮೊದಲೇ ದೊಡ್ಡಮ್ಮ ಜಗಲಿಯಿಂದ, "ಗೊನೆ ಬಲಿಯದೆ ಅದನ್ನು ಮುಟ್ಟಬೇಡ" ಎಂದರು. ಭಾವ ತಿರುಪು ಸಡಿಲಿಸಿದರು. ಕಾಲಿನ ನೀರು ಪೂರ್ತಿ ಇಳಿದಿದೆಯೇ ನೋಡಿ, ಎಣ್ಣೆ ಸಿಲಿಂಡರಿಗೆ ನುಗ್ಗದಂತೆ ಯಾವ ಮಗ್ಗುಲಿಗೆ ಮಲಗಿಸಬೇಕೆಂದು ಕೈಪಿಡಿ ತೆರೆದು ಖಾತ್ರಿ ಮಾಡಿಕೊಂಡು, ಎಂಜಿನ್ನನ್ನು ಜೀಪಿನ ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಸಿ ಮಲಗಿಸಿದರು. ಅಕ್ಕ ಎದುರು ಕೂತರು. ಉಳಿದ ಜಾಗದ ಬಗ್ಗೆ ಚರ್ಚೆ ನಡೆದು, ನಾನು ಬಸ್ಸಿನಲ್ಲಿ ಬರುವುದೆಂದಾಯಿತು.