ಮೇನ್ ಆಫ್ ಆದಮೇಲೂ ಉಳಿಯುವ ಕರೆಂಟು

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಕಟ್ಟಡಗಳನ್ನು ನೋಡಿಕೊಳ್ಳುವ ಫೆಸಿಲಿಟಿ ಮ್ಯಾನೇಜರ್‌ಗಳಿಗೆ,

ನಿಮ್ಮ ಯುಪಿಎಸ್ ರೂಮುಗಳಲ್ಲಿ ದುಡಿದವನು ನಾನು. ಒಮ್ಮೆ ವೈಟ್‌ಫೀಲ್ಡ್ ಕಡೆಯ ಕಟ್ಟಡವೊಂದರಲ್ಲಿ ಎಎಂಸಿ ಕೆಲಸಕ್ಕೆ ಬಂದ ಹುಡುಗ ಬ್ಯಾಟರಿ ರ‍್ಯಾಕಿನ ನಟ್ಟು ಬಿಗಿಯುತ್ತಿದ್ದ. ಕೈಯಲ್ಲಿ ಇನ್ಸುಲೇಷನ್ ಇಲ್ಲದ ಸ್ಪ್ಯಾನರ್, ಮಣಿಕಟ್ಟಿನಲ್ಲಿ ಸ್ಟೀಲ್ ಕಡಗ. ತಡೆದೆ. "ಮೇನ್ ಆಫ್ ಮಾಡಿದ್ದೀನಿ ಸಾರ್" ಅಂದ. ಬ್ಯಾಟರಿ ಆಫ್ ಆಗುವುದಿಲ್ಲ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ನಿಮ್ಮ ಎಸಿ ಪ್ಯಾನಲ್ಲಿಗೆ ಆರ್ಕ್ ಫ್ಲ್ಯಾಷ್ (ಶಾರ್ಟ್ ಆದಾಗ ಸಿಡಿಯುವ ಕಿಡಿಯ ಶಾಖ) ಸ್ಟಿಕ್ಕರ್ ಇದೆ. ಆ ಶಾಖದ ಲೆಕ್ಕಕ್ಕೆ ಬಳಸುವ ಐಇಇಇ 1584 ಮಾನದಂಡ ತ್ರೀ-ಫೇಸ್ ಎಸಿಗೆ ಮಾತ್ರ. ಡಿಸಿ ಅದರ ವ್ಯಾಪ್ತಿಯಲ್ಲೇ ಇಲ್ಲ. ಬ್ಯಾಟರಿ ರೂಮಿನ ಬಾಗಿಲಿಗೆ ತಲೆಬುರುಡೆಯ ಬೋರ್ಡು ಬಿಟ್ಟರೆ ಬೇರೇನಿಲ್ಲ. ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುತ್ತದೆ, ಆರ್ಕ್ ನಂದಲು ಅದೊಂದು ಅವಕಾಶ. ಡಿಸಿಯಲ್ಲಿ ಅದೂ ಇಲ್ಲ.

ಡಿಸಿಯ ಲೆಕ್ಕ ಕಷ್ಟವೇನಲ್ಲ. 12 ವೋಲ್ಟಿನ 40 ಬ್ಯಾಟರಿ ಸಾಲಾಗಿ ಸೇರಿದರೆ 480 ವೋಲ್ಟ್. ಒಂದೊಂದರ ಒಳರೋಧ 4 ಮಿಲಿಓಮ್ ಅಂದುಕೊಳ್ಳಿ, ಶಾರ್ಟ್ ಸರ್ಕ್ಯೂಟ್ ಕರೆಂಟು 3000 ಆಂಪಿಯರ್. ಅಮೆರಿಕದ ಇಂಜಿನಿಯರ್ ಡ್ಯಾನಿಯಲ್ ಡೋನ್ ಬಳಸಿದ ಗರಿಷ್ಠ ಶಕ್ತಿಯ ವಿಧಾನದಲ್ಲಿ ಅರ್ಧ ವೋಲ್ಟೇಜು, ಅರ್ಧ ಕರೆಂಟು ಆರ್ಕಿಗೆ ಹೋಗುತ್ತದೆ: 360 ಕಿಲೋವ್ಯಾಟ್. 45 ಸೆಂಟಿಮೀಟರ್ ದೂರದ ಮುಖಕ್ಕೆ 2 ಸೆಕೆಂಡಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 7 ಕ್ಯಾಲೊರಿ ಶಾಖ. ಚರ್ಮದಲ್ಲಿ ಗುಳ್ಳೆ ಏಳಲು 1.2 ಸಾಕು. ಕ್ಯಾಬಿನೆಟ್ಟಿನೊಳಗಾದರೆ ಮೂರು ಪಟ್ಟು ಎಂದು ಹಿಡಿಯುತ್ತಾರೆ.

ಈ ವಿಧಾನ ಹೆಚ್ಚೇ ತೋರಿಸುತ್ತದೆ, ಒಪ್ಪುತ್ತೇನೆ. ಸ್ಟೋಕ್ಸ್ ಮತ್ತು ಒಪ್ಪೆನ್‌ಲ್ಯಾಂಡರ್ 1991ರಲ್ಲಿ ಕೊಟ್ಟ ಸೂತ್ರದಲ್ಲಿ, ಆರ್ಕಿನ ತುದಿಗಳ ನಡುವೆ 25 ಮಿಲಿಮೀಟರ್ ಅಂತರವಿದ್ದರೆ ಆ 7 ಕ್ಯಾಲೊರಿ ಇಳಿದು ಹೆಚ್ಚುಕಡಿಮೆ 4 ಆಗುತ್ತದೆ. ಅದೂ ಸುಡುತ್ತದೆ. ಟೆಲಿಕಾಂನ 48 ವೋಲ್ಟಿನಲ್ಲಿ ಆರ್ಕ್ ಹೆಚ್ಚು ಹೊತ್ತು ನಿಲ್ಲುವುದು ಕಷ್ಟ. ಆದರೆ ಅಡ್ಡ ಬಿದ್ದ ಸ್ಪ್ಯಾನರ್ ಕರಗಿ ಕಣ್ಣಿಗೆ ಸಿಡಿಯಬಹುದು.

"ಫ್ಯೂಸ್ ಇದೆಯಲ್ಲ" ಅನ್ನುತ್ತೀರಿ. ನನಗೆ ಹೆಚ್ಚು ಭಯ ಇಲ್ಲೇ. ಫ್ಯೂಸ್ ಇರುವುದು ಸಾಲಿನ ತುದಿಯಲ್ಲಿ. ಸ್ಪ್ಯಾನರ್ ನಡುವಿನ 20 ಬ್ಯಾಟರಿಗೆ ಅಡ್ಡ ಬಿದ್ದರೆ ಆ 3000 ಆಂಪಿಯರ್ ಅಲ್ಲೇ ಸುತ್ತುತ್ತದೆ, ಫ್ಯೂಸಿನ ತನಕ ಬರುವುದೇ ಇಲ್ಲ.

ನಾನು ಕೇಳುವುದು ಇಷ್ಟು. ನಿಮ್ಮ ಬ್ಯಾಟರಿಯ ಒಳರೋಧವನ್ನು ತಯಾರಕರಿಂದ ಬರೆಸಿಕೊಂಡು ಈ ಲೆಕ್ಕ ಮಾಡಿಸಿ, ರ‍್ಯಾಕಿನ ಮೇಲೆ ಅಂಟಿಸಿ. ಕೆಲಸಕ್ಕೆ ಮುಂಚೆ ಬ್ರೇಕರ್ ತೆರೆಸಿ, ಬ್ಯಾಟರಿಗಳನ್ನು ಒಂದಕ್ಕೊಂದು ಸೇರಿಸುವ ನಡುವಿನ ಲಿಂಕುಗಳನ್ನು ಇನ್ಸುಲೇಟೆಡ್ ಸ್ಪ್ಯಾನರಿನಿಂದ ಬಿಚ್ಚಿಸಿ. ಹತ್ತತ್ತರ ನಾಲ್ಕು ಗುಂಪಾದರೆ ಒಂದೊಂದು 120 ವೋಲ್ಟ್, ಶಾಖದ ಲೆಕ್ಕವೂ ಕಾಲು ಭಾಗ. ಫೇಸ್ ಶೀಲ್ಡ್, ಕೈಗವಸಿನ ಖರ್ಚನ್ನು ಎಎಂಸಿ ಕೊಟೇಶನ್ನಿನಲ್ಲಿ ಚೌಕಾಸಿ ಮಾಡಬೇಡಿ.

ಆ ಹುಡುಗ ಕಡಗ ಬಿಚ್ಚಿ ಜೇಬಿಗೆ ಹಾಕಿಕೊಂಡ. ನಾಳೆ ನಿಮ್ಮ ಕಟ್ಟಡಕ್ಕೂ ಅವನಂಥವನೊಬ್ಬ ಬರುತ್ತಾನೆ. ಲಿಂಕ್ ಎಲ್ಲಿದೆ ಅಂತ ಅವನಿಗೆ ತೋರಿಸಿ.

ಇಂತಿ,
ಒಬ್ಬ ಎಲೆಕ್ಟ್ರಿಕಲ್ ಸೂಪರ್‌ವೈಸರ್